ಇಪ್ಪತ್ನಾಲ್ಕನೆಯ ಕಲ್ಲು

ಗೋಡೆಯೊಳಗೆಲ್ಲೋ ಪುಡಿ ಜಾರಿತು. ಒಂದು ಚಿಟಿಕೆಯಷ್ಟು, ಅಷ್ಟೇ. ಇಲಿಯ ಓಡಾಟವಲ್ಲ, ಹಲ್ಲಿಯ ಲೊಚಗುಟ್ಟುವಿಕೆಯೂ ಅಲ್ಲ. ಸಂದಿಯಲ್ಲಿ ಹಿಡಿತ ಬಿಟ್ಟ ಗಾರೆ, ಕಪಾಟಿನ ಹಿಂದೆ ಬಿದ್ದುಹೋಗಿದ್ದ ಯಾವುದೋ ಹಳೆಯ ಪೇಪರಿನ ಮೇಲೆ ಉದುರಿದ ಸದ್ದು. ಅವಳು ಕಣ್ಣು ಮುಚ್ಚಿಕೊಂಡೇ ಎರಡನೆಯ ಸಲಕ್ಕೆ ಕಾದಳು. ಕಟ್ಟಡಗಳ ನಕ್ಷೆ ಬರೆದುಕೊಂಡು ಇಪ್ಪತ್ತೈದು ವರ್ಷ ಅನ್ನ ತಿಂದವಳಿಗೆ ಅಷ್ಟಾದರೂ ಗೊತ್ತು, ಗೋಡೆ ಒಂದೇ ಏಟಿಗೆ ಬೀಳುವುದಿಲ್ಲ, ಮೊದಲು ಹೀಗೆ ಪಿಸುಗುಟ್ಟುತ್ತದೆ. ಎರಡನೆಯ ಸಲ ಉದುರಿದಾಗ ಎದ್ದು ಕೂತಳು.

"ಏನಾಯ್ತೇ?" ಎಂದ ಗಂಡ, ದಿಂಬಿನೊಳಗಿಂದ.

"ಗೋಡೆ ಉದುರ್ತಿದೆ ರೀ."

"ಇಲಿ ಇರ್ಬೇಕು ಬಿಡು. ಊಟ ಆದ್ಮೇಲೆ ನೋಡೋಣ."

ಔಷಧಿ ಅಂಗಡಿಯವನು. ನಿದ್ದೆಯಲ್ಲೂ ಅವನಿಗೆ ಎಲ್ಲವೂ ಊಟಕ್ಕೆ ಮುಂಚೆ, ಇಲ್ಲವೇ ಊಟ ಆದಮೇಲೆ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಕತ್ತಲಲ್ಲಿ ಕುರ್ಚಿಯ ಮೇಲೆ ಅವಳ ಕೈಚೀಲ ಕೂತಿತ್ತು, ಬಾಗಿಲು ತಟ್ಟದೆ ಒಳಗೆ ಬಂದ ನೆಂಟರ ಹಾಗೆ. ಅದರೊಳಗೆ ಪಟ್ಟಿ ಇತ್ತು. ಶುಕ್ರವಾರ ಸಂಜೆ ಹೊಸ ಎಂಜಿನಿಯರು ಅದನ್ನು ಅವಳ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದು ಕೊಟ್ಟಿದ್ದ. "ಮೇಡಂ, ಆ ಕೋಟೆ ಕೆಲಸದಲ್ಲಿ ಇದ್ದವ್ರು ಈಗ ಆಫೀಸಲ್ಲಿ ನೀವೊಬ್ರೇ. ಕಲ್ಲಿನ ಮೇಲಿರೋ ನಂಬರಿಗೂ ಪಟ್ಟಿಗೂ ತಾಳೆ ಆಗುತ್ತೆ ಅಂತ ಒಂದು ಸಹಿ. ಸೋಮವಾರ ಕ್ರೇನ್ ಬರುತ್ತೆ." ಸೋಮವಾರ ಬೆಳಿಗ್ಗೆಯೇ ಹಾಕುತ್ತೇನೆ ಎಂದಿದ್ದಳು. "ಏನ್ ಮೇಡಂ, ಆಸ್ತಿ ಬರ್ಕೊಡೋರ ಹಾಗೆ ಯೋಚನೆ ಮಾಡ್ತೀರಲ್ಲ!" ಸುತ್ತಲಿನವರು ನಕ್ಕರು. ಅವಳೂ ನಕ್ಕಳು, ಮುಚ್ಚಳವನ್ನು ಪೆನ್ನಿಗೆ ಹಾಕುತ್ತ ಸ್ವಲ್ಪ ಹೆಚ್ಚೇ ನಕ್ಕಳು.

ಪಟ್ಟಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಕಲ್ಲಿನ ಮೇಲೆ. ಇಪ್ಪತ್ತೆರಡು ವರ್ಷದ ಹಿಂದೆ, ಉಬ್ಬಿ ನಿಂತಿದ್ದ ಕೋಟೆಯ ಹೆಬ್ಬಾಗಿಲ ಕಮಾನನ್ನು ಬಿಚ್ಚಿ ಮತ್ತೆ ಕಟ್ಟುವುದೆಂದು ತೀರ್ಮಾನವಾದಾಗ, ಬಿಚ್ಚುವ ಮುಂಚೆ ಮೂವತ್ತೇಳು ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವ ಕೆಲಸ ಅವಳದಾಗಿತ್ತು. ಅವಳು ಇಪ್ಪತ್ಮೂರು ಎಂದು ಎರಡು ಕಲ್ಲುಗಳ ಮೇಲೆ ಬರೆದಳು. ಇಪ್ಪತ್ನಾಲ್ಕು ಎಂದು ಯಾವುದರ ಮೇಲೂ ಬರೆಯಲಿಲ್ಲ.

ಭಾನುವಾರದ ಬಸ್ಸು ಕೊನೆಯ ಸ್ಟಾಪಿನಲ್ಲಿ ಅವಳೊಬ್ಬಳನ್ನೇ ಇಳಿಸಿ ತಿರುಗಿತು. ಟೈರಿನ ಅಂಗಡಿ, ಬೀಗ ಹಾಕಿದ ಗೋದಾಮು, ನೀರಿನ ಟ್ಯಾಂಕು. ಆಮೇಲೆ ಕಂದಕದ ಅಂಚಿನವರೆಗೂ ಬಂದು ಕಾಲು ಹಿಂದೆಗೆದಂತೆ ನಿಂತ ಹೊಸ ಮನೆಗಳ ಸಾಲು. ಬಾಲ್ಕನಿಗಳಲ್ಲಿ ಒಣಹಾಕಿದ ಅಂಗಿಗಳು ಕೋಟೆಯ ಕಡೆಗೆ ತೋಳು ಬೀಸುತ್ತಿದ್ದವು. ಆಗ ಇಲ್ಲಿ ಬರೀ ಬಯಲಿತ್ತು. ಊರು ತಾನೇ ನಡೆದು ಬಂದು ಕೋಟೆಯನ್ನು ಮುತ್ತಿಕೊಂಡಿದೆ, ಏಳುನೂರು ವರ್ಷದಲ್ಲಿ ಯಾವ ಸೈನ್ಯಕ್ಕೂ ಆಗದ್ದು. ಬುರುಜಿನ ನೆತ್ತಿಯಲ್ಲಿ ಗಿಡ ಬೆಳೆದಿತ್ತು. ಹೆಬ್ಬಾಗಿಲಿದ್ದ ಜಾಗದಲ್ಲಿ ಎರಡು ಮೊಂಡು ಕಂಬಗಳ ನಡುವೆ ಆಕಾಶವೊಂದೇ ಇತ್ತು, ಮುಂದಿನ ಹಲ್ಲು ಬಿದ್ದ ಬಾಯಿಯಂತೆ, ನೋಡಬಾರದೆಂದುಕೊಂಡೇ ನೋಡಿದಳು.

ಟಿಕೆಟ್ಟಿನ ಕಿಟಕಿಯಲ್ಲಿ ಕಾವಲಿನ ಹೆಂಗಸು ಸ್ವೆಟರ್ ಹೆಣೆಯುತ್ತಿದ್ದಳು. "ಹಿರಿಯರ ಟಿಕೆಟ್ಟಾ?" ಎಂದಳು, ತಲೆ ಎತ್ತಿಯೂ ಎತ್ತದಂತೆ.

"ನನಗಿನ್ನೂ ಐವತ್ತು."

"ಬಿಡಿ, ನನಗೂ ಅಷ್ಟೇ. ಇಲ್ಲಿ ಕೂತು ಕೂತು ಕೋಟೆ ವಯಸ್ಸೇ ಬಂದುಬಿಟ್ಟಿದೆ." ಹೆಂಗಸು ಗಹಗಹಿಸಿ ನಕ್ಕಳು. ಕಿಟಕಿಯ ಈಚೆ ಅವಳ ಕೈ ತಾನಾಗಿಯೇ ಕಿವಿಯ ಹಿಂದಿನ ಬಿಳಿಕೂದಲಿಗೆ ಹೋಯಿತು. ಇಷ್ಟಕ್ಕೇ ಯಾಕೆ ನೋಯಬೇಕು? ಯಾರಿಗೆ ತೋರಿಸಲು ಬಂದಿದ್ದೇನೆ? ಬೆಳಿಗ್ಗೆ ಕಪಾಟಿನ ಮುಂದೆ ನಿಂತು ಮೂರು ಸೀರೆ ತೆಗೆದಿಟ್ಟು ಕೊನೆಗೆ ನೀಲಿಯದನ್ನು ಉಟ್ಟದ್ದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ಕಲ್ಲು ನೋಡಲು ಬರುವವರು ನೀಲಿ ಸೀರೆ ಉಡುವುದಿಲ್ಲ. ಆಗ ಆ ಕಮಾನಿನ ಕೆಲಸದ ಮೇಸ್ತ್ರಿ ಒಮ್ಮೆ, ಒಂದೇ ಒಂದು ಸಲ, ನೀಲಿ ಬಣ್ಣ ಸುಣ್ಣದ ಧೂಳನ್ನು ಚೆನ್ನಾಗಿ ತೋರಿಸುತ್ತದೆ ಎಂದಿದ್ದ. ಅದು ಹೊಗಳಿಕೆಯೂ ಆಗಿರಲಿಲ್ಲ. ಅಂಥ ಎಷ್ಟೋ ಮಾತುಗಳನ್ನು ಅವಳು ಎತ್ತಿಟ್ಟುಕೊಂಡಿದ್ದಳು, ಬೇರೆಯವರ ಮನೆಯ ಮದುವೆಯಲ್ಲಿ ಸಿಕ್ಕಿದ ಗುಂಡಿಯನ್ನು ಇದು ಯಾರದೋ ಎಂದು ಗೊತ್ತಿದ್ದೂ ಜೋಪಾನ ಮಾಡಿದ ಹಾಗೆ.

ಕಲ್ಲುಗಳು ಅಂಗಳದ ಹುಲ್ಲಿನಲ್ಲಿ ಸಾಲಾಗಿ ಮಲಗಿದ್ದವು. ಎಣ್ಣೆಬಣ್ಣ ಅಲ್ಲಲ್ಲಿ ಸಿಪ್ಪೆಯೆದ್ದರೂ ನಂಬರು ಓದಲು ಬರುತ್ತಿತ್ತು. ಮೂರರ ಬಾಲವನ್ನು ಒಳಕ್ಕೆ ಸುತ್ತುವ ತನ್ನ ಹುಡುಗಿತನದ ಬರಹ. ಅಷ್ಟು ಆತ್ಮವಿಶ್ವಾಸ ಯಾವಾಗ ಇತ್ತು ತನಗೆ? ಏಣಿಯ ಮೇಲೆ ಅವಳು, ಕೆಳಗಿನ ಮೆಟ್ಟಿಲಲ್ಲಿ ಬಣ್ಣದ ಡಬ್ಬ ಹಿಡಿದು ಮೇಸ್ತ್ರಿ. ಡಬ್ಬ ಹಿಡಿಯುವುದು ಮೇಸ್ತ್ರಿಯ ಕೆಲಸವಲ್ಲ, ಅದಕ್ಕೆ ಆಳುಗಳಿದ್ದರು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ. ಅವಳ ಮದುವೆ ನಿಶ್ಚಯವಾಗಿ ಆಗಲೇ ತಿಂಗಳಾಗಿತ್ತು. ಅವನು ಕಲ್ಲಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಬಿದ್ದ ಗೋಡೆಯೊಳಗಿನ ಕಲ್ಲೊಂದನ್ನು ತೋರಿಸಿ, "ಇಲ್ನೋಡಿ" ಎಂದಿದ್ದ. ಒಳಮುಖದಲ್ಲಿ, ಇನ್ನೊಂದು ಕಲ್ಲು ಕೂತು ಮುಚ್ಚಿಬಿಡುವ ಕಡೆ, ಮೀನಿನಂಥ ಒಂದು ಗೀರು. ಏಳುನೂರು ವರ್ಷದ ಹಿಂದಿನ ಯಾರೋ ಕಲ್ಲುಕುಟಿಗನ ಗುರುತು. ಒಬ್ಬೊಬ್ಬನದೂ ಒಂದೊಂದು.

"ಕಾಣೋ ಕಡೆ ಹಾಕಬಹುದಿತ್ತಲ್ಲ?"

"ಕಾಣೋ ಕಡೆ ರಾಜ ಹಾಕ್ಕೋತಾನೆ. ನಮ್ಮದು ಒಳಗಡೆ. ಗೋಡೆ ನಿಂತಿರೋವರೆಗೂ ಯಾರಿಗೂ ಕಾಣಬಾರ್ದು."

"ಬಿದ್ರೆ?"

"ಬಿದ್ರೆ ಯಾರು ಸರಿಯಾಗಿ ಕಟ್ಟಿರ್ಲಿಲ್ಲ ಅಂತ ಗೊತ್ತಾಗ್ಲಿ ಅಂತ!" ಅವನು ನಕ್ಕಿದ್ದ. ನಿಮ್ಮ ಗುರುತು ಯಾವುದು ಎಂದು ಕೇಳಿದಳು. ಅದು ತೋರಿಸೋಕಲ್ಲ ಎಂದ. ಆ ಮಾತು ಮುಗಿಯುವಷ್ಟರಲ್ಲಿ ಕುಂಚದಿಂದ ಬಣ್ಣ ಅವಳ ಮಣಿಕಟ್ಟಿಗೆ ಇಳಿದಿತ್ತು. ಅವನು ಏಣಿಯ ಎರಡು ಮೆಟ್ಟಿಲು ಹತ್ತಿ, ಸೀಮೆಎಣ್ಣೆಯ ಬಟ್ಟೆಯಿಂದ ಅದನ್ನು ಒರೆಸಿದ. ನಿಧಾನವಾಗಿ, ಕಲ್ಲನ್ನು ಒರೆಸುವ ಹಾಗೆಯೇ, ಅಂಚಿನಿಂದ ಒಳಕ್ಕೆ. ಅಷ್ಟೇ ಆದದ್ದು. ಅದಕ್ಕಿಂತ ಹೆಚ್ಚು ಎಂದೂ ಏನೂ ಆಗಲಿಲ್ಲ. ಅವಳು ತಿರುಗಿ ಮುಂದಿನ ಕಲ್ಲಿನ ಮೇಲೆ ಇಪ್ಪತ್ಮೂರು ಎಂದು ಎರಡನೆಯ ಸಲ ಬರೆದಳು. ಅಳತೆ ಪುಸ್ತಕದಲ್ಲೂ ಹಾಗೇ ಬರೆದಳು. ಸೀಮೆಎಣ್ಣೆಯ ವಾಸನೆ ಎರಡು ದಿನ ಇತ್ತು. ಕೈತೊಳೆಯುವಾಗ ಸೋಪನ್ನು ಮಣಿಕಟ್ಟಿನವರೆಗೆ ಹೋಗಗೊಡಲಿಲ್ಲ.

ಆಗಿನ ಎಂಜಿನಿಯರನ್ನು ಎಲ್ಲರೂ ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದುದರಿಂದ. ಕಮಾನನ್ನು ಮತ್ತೆ ಜೋಡಿಸಿದ ದಿನ ಅವನು ಕೆಳಗೆ ನಿಂತು ನೋಡುತ್ತಲೇ ಇದ್ದ. ಮರದ ಆಸರೆಯ ಮೇಲೆ ಕಲ್ಲುಗಳು ಎರಡೂ ಕಡೆಯಿಂದ ಒಂದೊಂದಾಗಿ ಏರಿದವು. ನೆತ್ತಿಯ ಕಲ್ಲಿನ ಸರದಿ ಬಂದಾಗ ಸಂದಿ ಒಂದು ಬೆರಳಿನಷ್ಟು ಕಿರಿದಾಗಿತ್ತು, ಕಲ್ಲು ಕೂರಲಿಲ್ಲ. ಮೇಸ್ತ್ರಿ, "ಬೇಡ ಸಾರ್, ಇಳಿಸೋಣ" ಎಂದ. "ಇಳ್ಸೋಕೆ ಇನ್ನೊಂದು ವಾರ ಕೊಡ್ಲಾ ನಿಂಗೆ? ಹೊಡಿ, ಕೂರುತ್ತೆ" ಎಂದ ಗಡಿಯಾರ. ನಾಲ್ಕನೆಯ ಏಟಿಗೆ ಆಸರೆ ಜಾರಿತು. ಸದ್ದು ಅವಳಿಗೆ ನೆನಪಿಲ್ಲ. ಆಮೇಲಿನ ಮೌನದಲ್ಲಿ ಎಲ್ಲಿಂದಲೋ ಪುಡಿ ಉದುರುತ್ತಿದ್ದುದು ಮಾತ್ರ ನೆನಪಿದೆ. ಮೇಸ್ತ್ರಿಯ ಎಡಗೈಯ ಎರಡು ಬೆರಳುಗಳು ಜಜ್ಜಿಹೋಗಿದ್ದವು.

ಅವತ್ತು ರಾತ್ರಿ ಅಳತೆ ಪುಸ್ತಕ ತೆರೆದು, ಇಪ್ಪತ್ಮೂರು, ಇಪ್ಪತ್ಮೂರು, ಇಪ್ಪತ್ತೈದು ಎಂಬುದನ್ನು ನೋಡಿದಳು. ಹಾಳೆ ಕಿತ್ತು, ಹೊಸ ಹಾಳೆಯಲ್ಲಿ ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ತೈದು ಎಂದು ಮುತ್ತು ಪೋಣಿಸಿದಂತೆ ಬರೆದಳು. ಮೂರು ದಿನ ಬಿಟ್ಟು ವಿಚಾರಣೆ. "ಪಟ್ಟಿ ನಿಮ್ದೇನಾ?" ಹೌದು ಎಂದಳು. ಅದೊಂದೇ ಪ್ರಶ್ನೆ, ಎರಡನೆಯದು ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಂದಿಗೂ ನಂಬಲು ನೋಡುತ್ತಾಳೆ. ಮೇಸ್ತ್ರಿ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಕಲ್ಲು ಅದಲುಬದಲು ಆಯ್ತು ಸಾರ್. ನನ್ನ ಕಣ್ತಪ್ಪು" ಎಂದ. ಕಲ್ಲುಗಳನ್ನು ಎಣಿಸಿದರು, ಮೂವತ್ತಾರು ಸಿಕ್ಕಿದವು. ಇಪ್ಪತ್ನಾಲ್ಕು ಪುಡಿಯಾಗಿದೆ, ಮೇಸ್ತ್ರಿಯ ಅಜಾಗರೂಕತೆ ಎಂದು ಕಡತದಲ್ಲಿ ಬರೆದರು. ಕೆಲಸ ನಿಂತಿತು. ಅವನು ಹೋದ. ಅವಳ ಮದುವೆಯಾಯಿತು.

ಇಪ್ಪತ್ಮೂರು ಎಂದು ಬರೆದ ಎರಡನೆಯ ಕಲ್ಲು ಏನಾಯಿತು? ನಿಜಕ್ಕೂ ಪುಡಿಯಾಯಿತೆಂದೇ ಅವಳು ಇಷ್ಟು ವರ್ಷ ಅಂದುಕೊಂಡದ್ದು. ತನ್ನ ಅದೃಷ್ಟ, ಅವನ ದುರದೃಷ್ಟ. ಈಗ ಹೊಸ ಎಂಜಿನಿಯರು ಇಪ್ಪತ್ನಾಲ್ಕರ ಜಾಗಕ್ಕೆ ಹೊಸ ಕಲ್ಲು ಕಡಿಸಿದ್ದಾನೆ, ಹಳೆಯ ಅಳತೆಗೆ. ಆದರೆ ಸಾಲಿನಲ್ಲಿ ಉಳಿದಿರುವ ಇಪ್ಪತ್ಮೂರು ನಿಜವಾದ ಇಪ್ಪತ್ಮೂರೇ ಹೌದೋ, ಹೆಸರು ಬದಲಿಸಿಕೊಂಡ ಇಪ್ಪತ್ನಾಲ್ಕೋ ಯಾರಿಗೂ ಗೊತ್ತಿಲ್ಲ. ಎರಡನೆಯದಾಗಿದ್ದರೆ ಕಮಾನು ಮತ್ತೆ ಜಾರುತ್ತದೆ, ಮತ್ತೆ ಯಾರದೋ ಕೈ, ಈ ಸಲ ಬರೀ ಕೈಯೋ ಅಲ್ಲವೋ. ಸಹಿ ಹಾಕದಿದ್ದರೆ ಯಾಕೆಂದು ಹೇಳಬೇಕು. ಅವಳು ಸೀರೆಯ ನೆರಿಗೆ ಎತ್ತಿಕೊಂಡು ಮಂಡಿಯೂರಿ ಆ ಕಲ್ಲಿನ ಅಂಚುಗಳನ್ನು ಟೇಪಿನಿಂದ ಅಳೆದಳು. ಅಂಚು ಮುರಿದಿತ್ತು. ಅಳತೆ ಎರಡು ಕಡೆಗೂ ಒಪ್ಪುತ್ತಿತ್ತು, ಕೇಳಿದ್ದಕ್ಕೆಲ್ಲ ತಲೆಯಾಡಿಸುವ ನೆಂಟನ ಹಾಗೆ.

"ಏನು ಕಳ್ಕೊಂಡ್ರಿ?" ಕಾವಲಿನ ಹೆಂಗಸು ಹೆಣಿಗೆ ಸಮೇತ ಬಂದು ನಿಂತಿದ್ದಳು.

"ಆಫೀಸಿನವಳು. ಒಂದು ಕಲ್ಲು ಹುಡುಕ್ತಿದ್ದೀನಿ. ಇದೇ ಥರದ್ದು, ಇಷ್ಟೇ ಅಗಲ."

"ಮೊದ್ಲೇ ಹೇಳ್ಬಾರ್ದಾ, ಟಿಕೆಟ್ ಕೊಡ್ತಿರ್ಲಿಲ್ಲ." ಹೆಂಗಸು ಸೂಜಿಯಿಂದ ತಲೆ ಕೆರೆದುಕೊಂಡಳು. "ಇದೇ ಥರದ್ದು ಒಂದು ಬುರುಜಿನ ಹಿಂದೆ ಬಿದ್ದಿದೆ. ಆದ್ರೆ ಅದನ್ನ ಮುಟ್ಟಬೇಡಿ, ಕೆಳಗೆ ಹಾವಿದೆ."

"ನೀವು ನೋಡಿದ್ದೀರಾ?"

"ನಾನ್ಯಾಕೆ ನೋಡ್ಲಿ? ಮೇಸ್ತ್ರಿ ಹೇಳಿದ್ದು. ಇಲ್ಲಿ ಕೆಲ್ಸ ಮಾಡಿದ್ರಂತೆ ಹಿಂದೆ. ಎಡಗೈಲಿ ಎರಡು ಬೆರಳು ಮಡಚ್ತಿರ್ಲಿಲ್ಲ ಪಾಪ. ವರ್ಷಕ್ಕೊಂದ್ಸಲ ಬಂದು ಆ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚೋರು. ಅಲ್ಲ ಮೇಸ್ತ್ರಿ, ಹಾವಿನ ನೆತ್ತಿ ಮೇಲೆ ಕೂತು ಊಟ ಮಾಡ್ತೀರಲ್ಲ ಅಂದ್ರೆ, ಹಳೇ ಪರಿಚಯ ಬಿಡಮ್ಮ, ಏನೂ ಮಾಡಲ್ಲ ಅನ್ನೋರು."

ಅವಳು ನಡೆಯುತ್ತಿದ್ದಳು. ಕಾಲು ಯಾವಾಗ ಎತ್ತಿಟ್ಟೆನೆಂಬುದು ಗೊತ್ತಾಗಲಿಲ್ಲ. "ಈಗಲೂ ಬರ್ತಾರಾ?"

"ಮೂರು ವರ್ಷ ಆಯ್ತು, ಬಂದಿಲ್ಲ." ಹೆಂಗಸು ಅವಳ ಮುಖ ನೋಡಿ, ಮುಂದೆ ಹೇಳಬೇಕೆಂದಿದ್ದುದನ್ನು ನುಂಗಿಕೊಂಡಳು. "ಊರು ದೂರ ಇರ್ಬೇಕು. ವಯಸ್ಸೂ ಆಯ್ತಲ್ಲ."

ಬುರುಜಿನ ನೆರಳಲ್ಲಿ ಆ ಕಲ್ಲು ಬೋರಲಾಗಿ ಬಿದ್ದಿತ್ತು. ಮೇಲ್ಮೈ ಕೂತು ಕೂತು ನಯವಾಗಿತ್ತು. ಅವಳು ಕಾವಲು ಕೋಣೆಯಿಂದ ಹಾರೆ ತರಿಸಿದಳು. "ಬೇಡ ಮೇಡಂ, ನಂಗೆ ಎರಡು ಮಕ್ಕಳು" ಎನ್ನುತ್ತಲೇ ಹೆಂಗಸು ಹೆಣಿಗೆಯನ್ನು ಕೊಂಬೆಗೆ ಸಿಕ್ಕಿಸಿ ಹಾರೆಯ ಇನ್ನೊಂದು ತುದಿ ಹಿಡಿದಳು. "ಹಾವು ಬಂದ್ರೆ ಆಫೀಸಿನ ಕಡೆ ಹೋಗು ಅಂತೀನಿ, ಹೇಳಿಲ್ಲ ಅನ್ಬೇಡಿ." ಮೊದಲ ಸಲ ಜಾರಿತು. ಎರಡನೆಯ ಸಲ ಮಣ್ಣು ಹೀರಿಕೊಂಡಿದ್ದ ಅಂಚು ಚಪ್ಪೆನ್ನುತ್ತ ಬಿಟ್ಟಿತು. ಕಲ್ಲು ಪಕ್ಕಕ್ಕೆ ಮಗ್ಗುಲಾಗಿ ನಿಂತಿತು. ಹೆಂಗಸು ಕಣ್ಣು ಮುಚ್ಚಿಕೊಂಡೇ ಹಾರೆಗೆ ಜೋತುಬಿದ್ದಿದ್ದಳು.

ಹಾವಿರಲಿಲ್ಲ. ಬಿಳಿಯ ಬೇರುಗಳು, ಬೆಳಕಿಗೆ ಗಾಬರಿಯಾಗಿ ಓಡುವ ಹುಳುಗಳು. ಮಣ್ಣನ್ನು ಸೆರಗಿನಿಂದ ಒರೆಸಿದಳು. ಬಿಸಿಲು ಮಳೆ ಮುಟ್ಟದ ಬಿಳಿ ಬಣ್ಣ ಇವತ್ತು ಬೆಳಿಗ್ಗೆ ಬರೆದಷ್ಟು ಹೊಸದಾಗಿತ್ತು: ಇಪ್ಪತ್ಮೂರು, ಮೂರರ ಬಾಲ ಒಳಕ್ಕೆ ಸುತ್ತಿ. ಅದರ ಕೆಳಗೆ ಉಳಿಯಿಂದ ಕೊರೆದ ಇಪ್ಪತ್ನಾಲ್ಕು. ಗೆರೆಗಳು ಅಲುಗಿದ್ದವು, ಎರಡು ಕಡೆ ಉಳಿ ಜಾರಿ ಪಕ್ಕಕ್ಕೆ ಗೀರಿತ್ತು. ಅವನ ಗೆರೆ ಹೀಗೆ ಎಂದೂ ಅಲುಗುತ್ತಿರಲಿಲ್ಲ. ಉಳಿ ಹಿಡಿಯುವುದು ಎಡಗೈಯಲ್ಲಿ. ಬೆರಳು ಜಜ್ಜಿಹೋದ ಮೇಲೆ ಬಂದು, ಅಳೆದು, ಖಾತ್ರಿ ಮಾಡಿಕೊಂಡು ಕೊರೆದದ್ದು. ಹಾಗಾದರೆ ಸಾಲಿನಲ್ಲಿ ಉಳಿದದ್ದು ನಿಜವಾದ ಇಪ್ಪತ್ಮೂರೇ. ಮೂಲೆಯಲ್ಲಿ ಪುಟ್ಟದಾಗಿ ಒಂದು ಗುರುತು: ಒಂದು ಅಡ್ಡಗೆರೆ, ಅದರ ಮೇಲೆ ಒಂದು ಚುಕ್ಕೆ. ಇಷ್ಟೇನಾ, ಎಂದುಕೊಂಡಳು. ತೋರಿಸೋಕಲ್ಲ ಎಂದದ್ದು ಇಷ್ಟು ಸಣ್ಣದನ್ನೇ.

ಇಪ್ಪತ್ತೆರಡು ವರ್ಷ ಅವಳು ಎರಡು ವಿಷಯಗಳನ್ನು ಎರಡು ಕೋಣೆಗಳಲ್ಲಿ ಇಟ್ಟಿದ್ದಳು. ಒಂದರಲ್ಲಿ ತಪ್ಪು. ಇನ್ನೊಂದರಲ್ಲಿ ಒಂದು ನೋಟ. ಕಮಾನು ಜೋಡಿಸಿದ ದಿನ, ಬಲಗಡೆ ಇಪ್ಪತ್ತೈದನೆಯ ಕಲ್ಲು ಕೂತ ಮೇಲೆ, ಮೇಸ್ತ್ರಿ ಅಟ್ಟಣೆಯ ಮೇಲೆ ಕೆಲಸ ನಿಲ್ಲಿಸಿ ಕೆಳಗೆ ಅವಳನ್ನೇ ನೋಡಿದ್ದ. ಇಷ್ಟು ಜನರ ನಡುವೆ, ಅಷ್ಟು ಹೊತ್ತು. ಅವಳ ಮುಖ ಕೆಂಪಾಗಿ, ತಲೆ ತಗ್ಗಿಸಿ, ಪುಸ್ತಕದಲ್ಲಿ ಏನನ್ನೋ ಬರೆಯುವವಳಂತೆ ನಿಂತಿದ್ದಳು. ಆ ನೋಟವನ್ನು ಎಷ್ಟು ರಾತ್ರಿ ತೆಗೆದು ನೋಡಿಲ್ಲ! ಅದನ್ನು ಇಪ್ಪತ್ತೈದರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದ್ದರೆ ಯಾವತ್ತೋ ಗೊತ್ತಾಗುತ್ತಿತ್ತು. ಲೆಕ್ಕ ಅವಳಿಗೆ ಬರುತ್ತಿತ್ತು, ಹಾಕಿರಲಿಲ್ಲ. ಅವನ ಮುಂದೆ ಎರಡು ಇಪ್ಪತ್ಮೂರುಗಳಿದ್ದವು. ಇದರಲ್ಲಿ ಯಾವುದು ಎಂದು ಕೇಳುತ್ತಿದ್ದ. ಬಾಯಿಬಿಟ್ಟರೆ ಗಡಿಯಾರ ಅವಳನ್ನು ಅಲ್ಲೇ ಅಷ್ಟು ಜನರ ಮುಂದೆ ಹಿಡಿದು ಜಾಡಿಸುತ್ತಿದ್ದನೆಂದು ಬರೀ ಕಣ್ಣಲ್ಲಿ ಕೇಳಿದ. ಅವಳು ನಾಚಿಕೊಂಡಳು. ಅವನು ತೋಚಿದ್ದನ್ನು ಎತ್ತಿ ಇಟ್ಟ. ಊಹೆ ತಪ್ಪಿತು. ಆಮೇಲೆ, ಬೆರಳುಗಳಿಂದ ರಕ್ತ ಸೋರುತ್ತಿದ್ದ ಆ ಗದ್ದಲದಲ್ಲಿ, ಎಣಿಸುವವರಿಗೆ ಎರಡು ಇಪ್ಪತ್ಮೂರು ಸಿಗದಿರಲೆಂದು, ಆಳುಗಳಿಂದ ಈ ಒಂದನ್ನು ರಾಶಿಯಿಂದ ಆಚೆ ಸಾಗಿಸಿ ಬೋರಲು ಹಾಕಿಸಿದ್ದ.

ಅವಳು ನೋಡುತ್ತಲೇ ಇದ್ದುದು ಬಿಳಿ ಬಣ್ಣವನ್ನು. ಸೀಮೆಎಣ್ಣೆಯ ಒಂದು ಚಿಂದಿ ಸಾಕಿತ್ತು ಅಳಿಸಲು. ಅವಳ ಮಣಿಕಟ್ಟನ್ನೇ ಒರೆಸಿದ್ದವನು. ಅಳಿಸಿ ಇಪ್ಪತ್ನಾಲ್ಕು ಕೊರೆದಿದ್ದರೆ ಇದು ಯಾರದೋ ಕಲ್ಲಾಗುತ್ತಿತ್ತು. ಅಳಿಸಿರಲಿಲ್ಲ. ಕೊರೆಯುವಾಗ ಬಣ್ಣದ ಒಂದು ಚೂರೂ ಏಳದಂತೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೊರೆದಿದ್ದ.

"ಮೇಡಂ, ಕೈ ಸೋಲ್ತಿದೆ. ಹಾವಿದೆಯೋ ಇಲ್ವೋ ಅದನ್ನಾದ್ರೂ ಹೇಳಿ!"

"ಇಲ್ಲ."

"ಮತ್ತೇನಿದೆ?"

ಅವಳು ಬಾಯಿ ತೆರೆದಳು. ಹೇಳಬೇಕೆಂದು ಇಪ್ಪತ್ತೆರಡು ವರ್ಷ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತುಗಳು, ಬಸ್ಸಿನಲ್ಲಿ ಇವತ್ತೂ ಒಮ್ಮೆ ಓದಿಕೊಂಡ ಮಾತುಗಳು, ಒಂದೂ ಇರಲಿಲ್ಲ. ತಪ್ಪೊಪ್ಪಿಕೊಳ್ಳಲು ಅವನಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ. "ಬಿಟ್ಬಿಡಿ. ನಿಧಾನ" ಎಂದಳು. ಹಾರೆ ಸಡಿಲವಾಯಿತು, ಕಲ್ಲು ತನ್ನ ಗುಣಿಗೆ ತಾನೇ ಮರಳಿ ಕೂತಿತು.

ಬಸ್ಸು ಬರುವ ಮುಂಚೆ ಹೊಸ ಎಂಜಿನಿಯರನ ಫೋನು ಬಂತು. "ಮೇಡಂ, ನಾಳೆ ಸಹಿ ಖಂಡಿತಾ ತಾನೇ? ಮೂವತ್ತಾರು ಕಲ್ಲು ಸರಿ ಇದ್ಯಲ್ಲ?"

"ಸರಿ ಇದೆ. ಇಪ್ಪತ್ಮೂರು ಇಪ್ಪತ್ಮೂರೇ. ಹೊಸ ಕಲ್ಲು ಕೂರುತ್ತೆ."

"ಅದೇ ಬೇಕಾಗಿದ್ದು ನಂಗೆ."

ಕಡತದಲ್ಲಿ ಅಜಾಗರೂಕತೆ ಎಂಬ ಪದ ಹಾಗೇ ಇರುತ್ತದೆ. ಹೇಳಿಬಿಟ್ಟರೆ ಅದನ್ನು ಹೊಡೆದುಹಾಕಬಹುದು. ಅವನು ಇದ್ದರೆ, ಎಲ್ಲೋ ಇದ್ದರೆ. ಆದರೆ ಹೇಳಿದ ಕ್ಷಣ ಆ ಕಲ್ಲನ್ನು ತಿರುಗಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಕ್ರೇನಿನಿಂದ ಎತ್ತಿ ಕಮಾನಿನಲ್ಲಿ ಗಾರೆ ಹಾಕಿ ಮುಚ್ಚುತ್ತಾರೆ. ಇದು ನ್ಯಾಯದ ಮಾತಲ್ಲ, ತನ್ನ ಆಸೆಯ ಮಾತು ಎಂದು ಅವಳಿಗೆ ತಿಳಿಯುತ್ತಿತ್ತು. ತಿಳಿದೇ ಸುಮ್ಮನಿದ್ದಳು. ಟಿಕೆಟ್ಟಿನ ಕಿಟಕಿಯ ಸಂದಿಯಿಂದ ಕಾವಲಿನ ಹೆಂಗಸು ಕೂಗಿದಳು: "ಮೇಡಂ, ನಾಳೆ ಬರೋರಿಗೆ ಹಾವಿದೆ ಅಂತಾನೇ ಹೇಳ್ಲಾ?"

"ಇದೆ ಅಂತಾನೇ ಹೇಳಿ."

ಮನೆಯಲ್ಲಿ ಗಂಡ ಕಪಾಟನ್ನು ಗೋಡೆಯಿಂದ ಸರಿಸಿ, ಹಿಂದೆಲ್ಲ ಗುಡಿಸಿ, ಬೆವರಿ ಕೂತಿದ್ದ. ಅವಳನ್ನು ಕಂಡೊಡನೆ ಎದ್ದು ಬಂದು ಮೇಜಿನ ಮೇಲಿನ ಪೊಟ್ಟಣ ತೋರಿಸಿದ. ಮಾತ್ರೆಯ ಪುಡಿಯನ್ನು ಕಟ್ಟುವ ಹಾಗೆ, ನಾಲ್ಕು ಮೂಲೆ ಒಳಕ್ಕೆ ಮಡಚಿದ ಕಾಗದ. "ನೀನು ಹೇಳಿದ್ದೇ ಸರಿ ಕಣೇ. ಇಲಿ ಅಲ್ಲ, ಗಾರೆ. ನೀನು ನೋಡ್ಲಿ ಅಂತ ಎತ್ತಿಟ್ಟೆ." ಅವಳು ಪೊಟ್ಟಣ ಬಿಚ್ಚಿದಳು. ಬೂದುಬಣ್ಣದ ಪುಡಿ, ಒಂದು ಚಮಚವೂ ಇಲ್ಲ. ಇಷ್ಟನ್ನು ಇವನು ಮಂಡಿಯೂರಿ ಕಾಗದಕ್ಕೆ ತುಂಬಿದ್ದಾನೆ. ಹೇಳಿದರೆ ಇವನು ಬಯ್ಯುವುದಿಲ್ಲ, ಅನುಮಾನವನ್ನೂ ಪಡುವುದಿಲ್ಲ. ಪೂರ್ತಿ ಕೇಳಿ, ಎದ್ದು ಹೋಗಿ ನೀರು ತಂದುಕೊಡುತ್ತಾನೆ.

"ಸೆರಗೆಲ್ಲ ಮಣ್ಣು ಮಾಡ್ಕೊಂಡಿದ್ದೀಯಲ್ಲ. ನೀಲಿ ಮೇಲೆ ಎದ್ದು ಕಾಣುತ್ತೆ ನೋಡು. ಏನಿತ್ತು ಅಲ್ಲಿ?"

ಅವಳು ಪೊಟ್ಟಣವನ್ನು ಅವನು ಮಡಚಿದ್ದ ಗೆರೆಗಳ ಮೇಲೆಯೇ ಮತ್ತೆ ಮಡಚಿದಳು. ಇವನಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ.

"ಏನಿಲ್ಲ ರೀ," ಎಂದಳು. "ಒಂದು ಹಾವಿನ ಕಥೆ. ಊಟ ಆದ್ಮೇಲೆ ಹೇಳ್ತೀನಿ."